ಐದು ದಿನದ ಆಟಕ್ಕೆ ಒಂದು ಸಾಲಿನ ಭವಿಷ್ಯ

ಭಾಗ 1/10
ಫೋಟೊ: ಹುಣಸೂರು ಕಡೆಯ ಒಂದು ಹೊಗೆಸೊಪ್ಪಿನ ಬ್ಯಾರನ್. ಬೇಯಿಸೋ ಕೆಲಸ ಮುಗಿದು ಬಾಗಿಲು ಹಾಕಿದೆ.

ಫ್ರೆಂಡ್ಸ್, ಈ ಸಲದ ಸೀರೀಸ್ ಕೋಟೆ, ಶಾಸನ, ರಾಜರ ಬಗ್ಗೆ ಅಲ್ಲ. ಟೆಸ್ಟ್ ಕ್ರಿಕೆಟ್ ಬೆಟ್ಟಿಂಗ್ ಬಗ್ಗೆ. ಅದರಲ್ಲೂ ‘ಈ ಮ್ಯಾಚ್ ಯಾರು ಗೆಲ್ತಾರೆ, ನಾನು ಹೇಳ್ತೀನಿ’ ಅನ್ನೋರ ಬಗ್ಗೆ. ಇದೂ ಇತಿಹಾಸಾನೇ, ಇನ್ನೂರೈವತ್ತು ವರ್ಷದ ಇತಿಹಾಸ.

ಬರೆಯೋಕೆ ಕಾರಣ ನಮ್ಮ ಕ್ಲಾಸಿನ ಒಬ್ಬ ಗೆಳೆಯ. ಅವನನ್ನ ಕೇಳಿಯೇ ಬರೀತಿದ್ದೀನಿ, ಹೆಸರು ಹೇಳಲ್ಲ. 2024ರ ಅಕ್ಟೋಬರ್ 15, ಮಂಗಳವಾರ ರಾತ್ರಿ. ಮಾರನೇ ದಿನ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಭಾರತ–ನ್ಯೂಜಿಲೆಂಡ್ ಟೆಸ್ಟ್ ಶುರು. ಅವನ ಮೊಬೈಲಿಗೆ ಒಂದು ಮೆಸೇಜ್ ಬಂತು: ಭಾರತ ಗೆಲ್ಲುತ್ತೆ, ನೂರಕ್ಕೆ ನೂರು ಶ್ಯೂರ್.

ಆ ಚಾನೆಲ್ಲಿಗೆ ಅವನು 500 ರೂಪಾಯಿ ಕೊಟ್ಟು ಸೇರಿದ್ದ. ಅವರು ಹಿಂದಿನ ಎರಡು ಟೆಸ್ಟಲ್ಲೂ ಸರಿಯಾಗಿ ಹೇಳಿದ್ರು. ಬಾಂಗ್ಲಾದೇಶದ ಮೇಲೆ ಚೆನ್ನೈನಲ್ಲಿ ಭಾರತ ಗೆದ್ದಿತ್ತು. ಕಾನ್ಪುರದಲ್ಲಿ ಎರಡು ದಿನಕ್ಕಿಂತ ಜಾಸ್ತಿ ಆಟ ಮಳೆಗೆ ಹೋಗಿದ್ರೂ ಗೆದ್ದಿತ್ತು. ಇವನಿಗೆ ಪೂರ್ತಿ ನಂಬಿಕೆ ಬಂದುಬಿಡ್ತು.

ಮನೇಲಿ ಅಪ್ಪ ಸೌದೆ ಬಾಕಿಗೂ, ಸೊಪ್ಪು ಗ್ರೇಡ್ ಮಾಡೋ ಹೆಂಗಸರ ಕೂಲಿಗೂ ಅಂತ ಇಟ್ಟಿದ್ದ ದುಡ್ಡು ಬ್ಯಾಂಕಲ್ಲಿತ್ತು. ಅಪ್ಪನಿಗೆ ಮೊಬೈಲ್ ಪೇಮೆಂಟ್ ಬರಲ್ಲ, ಎಲ್ಲಾ ಮಗನೇ ನೋಡ್ಕೊಳ್ತಿದ್ದ. ಅದರಿಂದ 38,000 ರೂಪಾಯಿ ತೆಗೆದು ಒಂದು ಬೆಟ್ಟಿಂಗ್ ಆಪ್‌ನಲ್ಲಿ ಭಾರತದ ಮೇಲೆ ಹಾಕಿದ.

ಏನಾಯ್ತು ಅಂತ ನಿಮಗೆ ಗೊತ್ತು. ಆದ್ರೂ ಅಲ್ಲಿಗೆ ಹೋಗೋ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಭಾಗ 2/10
ಫೋಟೊ: ನಮ್ಮ ಬೀದಿಯ ಹುಡುಗರ ಆಟ. ವಿಕೆಟ್ ಅಂದ್ರೆ ಮೂರು ಸೌದೆ.

ಕ್ರಿಕೆಟ್ ಮೊದಲು ಶುದ್ಧವಾಗಿತ್ತು, ಆಮೇಲೆ ಬೆಟ್ಟಿಂಗ್ ಬಂದು ಕೆಡಿಸಿತು ಅಂತ ಎಲ್ಲರೂ ಹೇಳ್ತಾರೆ. ಇತಿಹಾಸ ನೋಡಿದ್ರೆ ಹಾಗಿಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರು ದೊಡ್ಡ ದೊಡ್ಡ ಬಾಜಿ ಕಟ್ಟೋಕೇ ತಂಡ ಸಾಕ್ತಿದ್ರು. 1774ರ ಕ್ರಿಕೆಟ್ ನಿಯಮಗಳಲ್ಲಿ ಬ್ಯಾಟು, ಬಾಲು, ವಿಕೆಟ್ ಜೊತೆಗೆ ಬೆಟ್ ಬಗ್ಗೆನೂ ನಿಯಮ ಇತ್ತು! 1817ರಲ್ಲಿ ವಿಲಿಯಂ ಲ್ಯಾಂಬರ್ಟ್ ಅನ್ನೋ ದೊಡ್ಡ ಆಟಗಾರನನ್ನ, ಬೇಕಂತಲೇ ಸರಿಯಾಗಿ ಆಡಲಿಲ್ಲ ಅನ್ನೋ ಆರೋಪದ ಮೇಲೆ ಲಾರ್ಡ್ಸ್ ಮೈದಾನದಿಂದ ಹೊರಗಿಟ್ಟರು.

ಮೊದಲ ಟೆಸ್ಟ್ ಪಂದ್ಯದ ಕಥೆ ಇನ್ನೂ ಮಜವಾಗಿದೆ. ಅದು 1877ರ ಮಾರ್ಚ್ 15ರಂದು ಮೆಲ್ಬರ್ನ್‌ನಲ್ಲಿ ಶುರುವಾಯ್ತು. ಇಂಗ್ಲೆಂಡಿನ ವಿಕೆಟ್ ಕೀಪರ್ ಟೆಡ್ ಪೂಲಿ ಅಲ್ಲಿರಲಿಲ್ಲ, ನ್ಯೂಜಿಲೆಂಡಿನಲ್ಲಿ ಪೊಲೀಸರ ಕೈಗೆ ಸಿಕ್ಕಿಹಾಕಿಕೊಂಡಿದ್ದ. ಕಾರಣ? ಒಂದು ಪ್ರಿಡಿಕ್ಷನ್ ಬೆಟ್.

ಅಲ್ಲಿನ ಕ್ಯಾಂಟರ್ಬರಿ ತಂಡದ 18 ಜನರ ಸ್ಕೋರನ್ನೂ ಮೊದಲೇ ಹೇಳ್ತೀನಿ ಅಂದ ಪೂಲಿ. ಒಂದು ಸರಿ ಬಂದ್ರೆ ಅವನಿಗೆ ಒಂದು ಪೌಂಡ್, ಒಂದು ತಪ್ಪಿದ್ರೆ ಅವನು ಕೊಡೋದು ಒಂದು ಶಿಲ್ಲಿಂಗ್. ಆಗ ಒಂದು ಪೌಂಡಿಗೆ 20 ಶಿಲ್ಲಿಂಗ್. ಒಪ್ಪಂದ ಆದಮೇಲೆ ಎಲ್ಲರ ಹೆಸರಿನ ಮುಂದೆ ಸೊನ್ನೆ ಬರೆದ!

ಲೆಕ್ಕ ಹಾಕಿ ನೋಡಿ. ಹದಿನೆಂಟರಲ್ಲಿ ಒಬ್ಬ ಸೊನ್ನೆಗೆ ಔಟಾದ್ರೂ ಸಾಕು: ಬರೋದು 20, ಹೋಗೋದು 17. ಅವತ್ತು ಹಲವರು ಸೊನ್ನೆಗೆ ಔಟಾದ್ರು. ಸೋತವನು ದುಡ್ಡು ಕೊಡಲ್ಲ ಅಂದ, ಹೊಡೆದಾಟ ಆಯ್ತು, ಕೇಸಾಯ್ತು. ಕೋರ್ಟು ಆಮೇಲೆ ಪೂಲಿಯನ್ನ ಬಿಟ್ಟಿತು, ಆದ್ರೆ ಅಷ್ಟರಲ್ಲಿ ಮೊದಲ ಟೆಸ್ಟ್ ಮುಗಿದಿತ್ತು.

ಪೂಲಿಗೆ ಭವಿಷ್ಯ ಗೊತ್ತಿರಲಿಲ್ಲ. ಲೆಕ್ಕ ಗೊತ್ತಿತ್ತು. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3/10
ಫೋಟೊ: ಚಾಮುಂಡಿ ಬೆಟ್ಟದ ಮೇಲಿಂದ ಕಾಣೋ ಮೈಸೂರು ರೇಸ್ ಕೋರ್ಸ್.

ನಮ್ಮ ಕಡೆ ಜೂಜು ಹೊಸದೇನಲ್ಲ. ಯುಗಾದಿ ಬಂದ್ರೆ ಮರದ ಕೆಳಗೆ ಇಸ್ಪೀಟು. ದೀಪಾವಳಿಯ ಬಲಿಪಾಡ್ಯಮಿಗೆ ಸಂಸ್ಕೃತದಲ್ಲಿ ದ್ಯೂತ ಪ್ರತಿಪದ, ಅಂದ್ರೆ ಜೂಜಿನ ಪಾಡ್ಯ, ಅಂತಲೇ ಹೆಸರಿದೆ. ಮೈಸೂರು ರೇಸ್ ಕ್ಲಬ್ ಶುರುವಾಗಿದ್ದು 1891ರಲ್ಲಿ. ಅಲ್ಲಿ ಕುದುರೆ ಮೇಲೆ ದುಡ್ಡು ಕಟ್ಟೋದು ಕಾನೂನುಬದ್ಧ. 1952ರ ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯ್ದೆ ಅದಕ್ಕೆ ದಾರಿ.

ಆದ್ರೆ ಜೂಜಿನ ಬಗ್ಗೆ ಇಡೀ ದೇಶಕ್ಕೇ ದಾರಿ ತೋರಿಸಿದ ತೀರ್ಪಿನ ಬೇರು ನಮ್ಮ ರಾಜ್ಯದಲ್ಲೇ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನಲ್ಲಿ ‘ಸ್ಪೋರ್ಟಿಂಗ್ ಸ್ಟಾರ್’ ಅಂತ ಒಂದು ಪತ್ರಿಕೆ ಅಚ್ಚಾಗ್ತಿತ್ತು. ನಡೆಸ್ತಿದ್ದದ್ದು ಆರ್‌ಎಂಡಿಸಿ (ಮೈಸೂರು) ಅನ್ನೋ ಕಂಪನಿ. ಅದರಲ್ಲಿ ಪದಬಂಧ ಸ್ಪರ್ಧೆ ಬರ್ತಿತ್ತು. ಪ್ರವೇಶ ಶುಲ್ಕ ಕಟ್ಟಿ ಪದ ತುಂಬಿ ಕಳಿಸಬೇಕು, ಹೊಂದಿದ್ರೆ ಬಹುಮಾನ. ಬಾಂಬೆ ರಾಜ್ಯದ ಜನ ಕೂಡ ಮುಗಿಬಿದ್ದು ಕಳಿಸ್ತಿದ್ರು. ಬಾಂಬೆ ಸರ್ಕಾರ ಅದರ ಮೇಲೆ ತೆರಿಗೆ, ಲೈಸೆನ್ಸ್ ಹಾಕಿತು. ಕಂಪನಿ ಕೋರ್ಟಿಗೆ ಹೋಯ್ತು.

1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಜೂಜು ಅನ್ನೋದು ಸಂವಿಧಾನ ಕಾಪಾಡೋ ವ್ಯಾಪಾರ ಅಲ್ಲ. ಅದೃಷ್ಟದ ಮೇಲೆ ನಿಂತದ್ದು ಜೂಜು, ಕೌಶಲ್ಯದ ಮೇಲೆ ನಿಂತದ್ದು ಬೇರೆ. ಜೂಜುಗಾರನ ಗೋಳು ಹೇಳೋ ಋಗ್ವೇದದ ಸೂಕ್ತವನ್ನೂ ಆ ತೀರ್ಪಿನಲ್ಲಿ ನೆನಪಿಸಿದ್ದಾರೆ.

‘ಕೌಶಲ್ಯ’, ‘ಅದೃಷ್ಟ’ ಅನ್ನೋ ಈ ಎರಡು ಪದ ಹಿಡ್ಕೊಂಡೇ ಆಮೇಲಿನ ಎಲ್ಲಾ ಜಗಳ. 1996ರಲ್ಲಿ ಇದೇ ಕೋರ್ಟು ಕುದುರೆ ರೇಸು ಕೌಶಲ್ಯದ ಆಟ ಅಂತು. ಕ್ರಿಕೆಟ್ ಆಪ್‌ಗಳವರೂ ಆಮೇಲೆ ಅದೇ ವಾದ ಹಿಡಿದರು. ‘ಲೆಕ್ಕ ಹಾಕಿ ಹೇಳ್ತೀವಿ, ಇದು ಜೂಜಲ್ಲ’ ಅನ್ನೋ ಮಾತು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ.

ಭಾಗ 4/10
ಫೋಟೊ: ನನ್ನ ನೋಟ್‌ಬುಕ್. ಲೆಕ್ಕ ತಪ್ಪಿದ್ರೆ ಹೇಳಿ.

1981, ಇಂಗ್ಲೆಂಡಿನ ಹೆಡಿಂಗ್ಲೆ. ಆಸ್ಟ್ರೇಲಿಯಾ ಎದುರು ಇಂಗ್ಲೆಂಡಿಗೆ 227 ರನ್ ಹಿನ್ನಡೆ, ಫಾಲೋ ಆನ್. ಮೂರನೇ ದಿನದ ಕೊನೆಗೆ ಮೈದಾನದ ಸ್ಕೋರ್‌ಬೋರ್ಡಿನಲ್ಲೇ ಬುಕ್‌ಮೇಕರ್ ಕಂಪನಿಯ ದರ ಬಂತು: ಇಂಗ್ಲೆಂಡ್ ಗೆದ್ದರೆ ಒಂದಕ್ಕೆ ಐನೂರು!

ಆಸ್ಟ್ರೇಲಿಯಾದ ಡೆನ್ನಿಸ್ ಲಿಲ್ಲಿ 10 ಪೌಂಡ್, ರಾಡ್ ಮಾರ್ಷ್ 5 ಪೌಂಡ್ ತಮಾಷೆಗೆ ತಮ್ಮ ವಿರುದ್ಧವೇ ಹಾಕಿದ್ರು. ಆಮೇಲೆ ಇಯಾನ್ ಬೋಥಮ್ ಔಟಾಗದೆ 149 ಹೊಡೆದ. ಬರೀ 130 ಬೇಕಿದ್ದ ಆಸ್ಟ್ರೇಲಿಯಾ 111ಕ್ಕೆ ಆಲೌಟ್. ಬಾಬ್ ವಿಲ್ಲಿಸ್ 43ಕ್ಕೆ 8 ವಿಕೆಟ್. ಇಂಗ್ಲೆಂಡ್ 18 ರನ್ನಿಂದ ಗೆದ್ದಿತು. ಇಬ್ಬರಿಗೂ ಸೇರಿ 7,500 ಪೌಂಡ್. ಅವರು ಬೇಕಂತ ಸೋತರು ಅಂತ ಯಾರೂ ಹೇಳಲ್ಲ, ಆದ್ರೆ ಆ ಬೆಟ್ಟಿನ ಮಾತು ಇವತ್ತಿಗೂ ಅವರ ಹೆಸರು ಬಿಟ್ಟಿಲ್ಲ.

ದರ ಹಾಕಿದವರು ಈ ಕಸುಬಿನಲ್ಲಿ ಪಳಗಿದವರು. ಅವರೇ ಅಷ್ಟು ತಪ್ಪಿದ್ರು. ಹಾಗಿದ್ರೂ ಅವರ ಅಂಗಡಿ ಯಾಕೆ ಮುಚ್ಚಲ್ಲ?

ಒಂದು ಉದಾಹರಣೆ ಕಟ್ಟಿ ನೋಡೋಣ. ಟೆಸ್ಟಿಗೆ ಮೂರು ದಾರಿ: ಗೆಲುವು, ಸೋಲು, ಡ್ರಾ. ನೂರು ರೂಪಾಯಿ ಹಾಕಿದ್ರೆ ಭಾರತ ಗೆದ್ದಾಗ 180, ಡ್ರಾ ಆದ್ರೆ 300, ಎದುರಾಳಿ ಗೆದ್ರೆ 450 ವಾಪಸ್ ಅಂದುಕೊಳ್ಳಿ. ಏನೇ ಆದ್ರೂ ನನಗೆ 1,000 ರೂಪಾಯಿ ಬರಲೇಬೇಕು ಅಂದ್ರೆ ಎಷ್ಟು ಹಾಕಬೇಕು? ಭಾರತಕ್ಕೆ 556, ಡ್ರಾಗೆ 333, ಎದುರಾಳಿಗೆ 222. ಒಟ್ಟು 1,111.

ಸಾವಿರ ರೂಪಾಯಿ ಕೊಳ್ಳೋಕೆ ಸಾವಿರದ ನೂರ ಹನ್ನೊಂದು ಕೊಡ್ತಿದ್ದೀವಿ. ಉಳಿದ 111 ಯಾರಿಗೆ ಅಂತ ಬೇರೆ ಹೇಳಬೇಕಾ? ಅವನು ಯಾರು ಗೆಲ್ತಾರೆ ಅಂತ ಊಹಿಸ್ತಾ ಕೂರಲ್ಲ. ಎರಡೂ ಕಡೆ ದುಡ್ಡು ತಗೊಂಡು ಮಧ್ಯದಲ್ಲಿ ಕೂತಿರ್ತಾನೆ.

ಭಾಗ 5/10
ಫೋಟೊ: ತಾತನ ರೇಡಿಯೊ. ಈಗ ಓಡಲ್ಲ, ಎಸೆಯೋಕೂ ಬಿಡಲ್ಲ.

1987ರ ಮಾರ್ಚ್. ಪಾಕಿಸ್ತಾನ ಭಾರತಕ್ಕೆ ಬಂದಿತ್ತು. ಐದು ಟೆಸ್ಟಿನ ಸರಣಿಯಲ್ಲಿ ಮೊದಲ ನಾಲ್ಕೂ ಡ್ರಾ: ಮದ್ರಾಸ್, ಕಲ್ಕತ್ತಾ, ಜೈಪುರ, ಅಹಮದಾಬಾದ್. ಐದನೆಯದು ನಮ್ಮ ಬೆಂಗಳೂರಲ್ಲಿ.

ಹುಣಸೂರು ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡೀಲಿ ರೇಡಿಯೊ ಸುತ್ತ ಜನ. ತಾತ ಬೆಟ್ ಕಟ್ಟಿದ್ರು: ‘ಇದೂ ಡ್ರಾನೇ ಕಣ್ರಯ್ಯ.’ ಪಣ ಏನು? ಸೋತವರು ನಾಲ್ಕು ಜನಕ್ಕೆ ಟೀ ಕೊಡಿಸಬೇಕು.

ನಾಲ್ಕು ಡ್ರಾ ನೋಡಿದವರು ಐದನೇದೂ ಡ್ರಾ ಅನ್ನೋದು ಸಹಜ ತಾನೇ? ಆದ್ರೆ ಚಿನ್ನಸ್ವಾಮಿ ಪಿಚ್ ಮೊದಲ ದಿನದಿಂದಲೇ ಬುಗುರಿ ತರ ತಿರುಗಿತು. ಪಾಕಿಸ್ತಾನ 116ಕ್ಕೆ ಆಲೌಟ್, ಮಣಿಂದರ್ ಸಿಂಗ್ 27ಕ್ಕೆ 7. ಈಗ ಎಲ್ಲರೂ ‘ಭಾರತ ಗೆದ್ದೇಬಿಡ್ತು’ ಅಂದ್ರು. ಭಾರತ 145. ಪಾಕಿಸ್ತಾನ ಮತ್ತೆ 249. ಗೆಲ್ಲೋಕೆ 221 ಬೇಕು.

ಆ ಪಿಚ್ ಮೇಲೆ ಸುನಿಲ್ ಗವಾಸ್ಕರ್ 96 ಹೊಡೆದ್ರು. ಅದು ಅವರ ಕೊನೇ ಟೆಸ್ಟ್ ಇನಿಂಗ್ಸ್. ಇಕ್ಬಾಲ್ ಖಾಸಿಂ, ತೌಸೀಫ್ ಅಹ್ಮದ್ ಇಬ್ಬರೂ ಆ ಪಂದ್ಯದಲ್ಲಿ ಒಂಬತ್ತೊಂಬತ್ತು ವಿಕೆಟ್ ತಗೊಂಡ್ರು. ಭಾರತ 204ಕ್ಕೆ ಆಲೌಟ್, 16 ರನ್ನಿನ ಸೋಲು. ಭಾರತದ ನೆಲದಲ್ಲಿ ಪಾಕಿಸ್ತಾನ ಗೆದ್ದ ಮೊದಲ ಸರಣಿ ಅದು.

ತಾತ ನಾಲ್ಕು ಟೀ ಕೊಡಿಸಿದ್ರು. ಮೂವತ್ತೇಳು ವರ್ಷ ಆದ್ರೂ ಆ ಟೀ ಕಥೆಯನ್ನ ನಗ್ತಾ ಹೇಳ್ತಿದ್ರು. ಹಿಂದಿನ ಮ್ಯಾಚ್ ನೋಡಿ ಮುಂದಿನದು ಹೇಳ್ತೀನಿ ಅನ್ನೋರಿಗೆ ಬೆಂಗಳೂರು ಕೊಟ್ಟ ಮೊದಲ ಪಾಠ ಇದು ಅಂತ ನನಗನ್ನಿಸುತ್ತೆ.

ಭಾಗ 6/10
ಫೋಟೊ: ಕಬ್ಬನ್ ಪಾರ್ಕ್ ಕಡೆಯಿಂದ ಚಿನ್ನಸ್ವಾಮಿಯ ದೀಪದ ಕಂಬಗಳು.

ಎರಡನೇ ಪಾಠ ಕಹಿ. ಪಂದ್ಯದ ಫಲಿತಾಂಶ ನಿಜವಾಗಲೂ ಮುಂಚೆಯೇ ಗೊತ್ತಿರೋಕೆ ಒಂದೇ ದಾರಿ: ಆಡೋರನ್ನೇ ಕೊಂಡುಕೊಳ್ಳೋದು.

2000ದ ಜನವರಿ, ಸೆಂಚುರಿಯನ್. ದಕ್ಷಿಣ ಆಫ್ರಿಕಾ–ಇಂಗ್ಲೆಂಡ್ ಟೆಸ್ಟಿನಲ್ಲಿ ಮೂರು ದಿನ ಮಳೆ ತಿಂದಿತ್ತು. ಡ್ರಾ ಅಂತ ಕಣ್ಮುಚ್ಚಿ ಹೇಳಬಹುದಿತ್ತು. ಆದ್ರೆ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ, ಎರಡೂ ತಂಡ ಒಂದೊಂದು ಇನಿಂಗ್ಸ್ ಬಿಟ್ಟುಕೊಡೋಣ ಅಂತ ಮುಂದೆ ಬಂದ. ಇಂಗ್ಲೆಂಡ್ 2 ವಿಕೆಟ್‌ನಿಂದ ಗೆದ್ದಿತು. ಎಂಥಾ ದೊಡ್ಡ ಮನಸ್ಸು ಅಂತ ಹೊಗಳಿದ್ರು. ಅದರ ಹಿಂದೆ ಒಬ್ಬ ಬುಕ್ಕಿಯ ಮಾತು, ಹಣ, ಒಂದು ಲೆದರ್ ಜಾಕೆಟ್ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಎರಡೇ ತಿಂಗಳಿಗೆ ಅದೇ ತಂಡ ಬೆಂಗಳೂರಿಗೆ ಬಂತು. ಮಾರ್ಚ್ 2ರಿಂದ ಟೆಸ್ಟ್. ಅದಕ್ಕೆ ಮುಂಚೆ ಕ್ರೋನಿಯೆ ತನ್ನ ತಂಡದ ಕ್ಲೂಸ್ನರ್, ಕಾಲಿಸ್, ಬೌಚರ್ ಹತ್ತಿರ ಮ್ಯಾಚ್ ಬಿಟ್ಟುಕೊಡೋ ಮಾತು ಎತ್ತಿದ್ದ ಅಂತ ಕಿಂಗ್ ಆಯೋಗದ ಮುಂದೆ ಬಯಲಾಯ್ತು. ಮೂವರೂ ಒಪ್ಪಲಿಲ್ಲ. ದಕ್ಷಿಣ ಆಫ್ರಿಕಾ ಇನಿಂಗ್ಸ್ ಮತ್ತು 71 ರನ್ನಿಂದ ಗೆದ್ದಿತು.

ಅದೇ ಪಂದ್ಯ ಅಜರುದ್ದೀನ್ ಅವರ 99ನೇ ಟೆಸ್ಟ್. ಎರಡನೇ ಇನಿಂಗ್ಸಲ್ಲಿ 102 ಹೊಡೆದ್ರು. ನೂರನೇ ಟೆಸ್ಟ್ ಬರಲೇ ಇಲ್ಲ. ಏಪ್ರಿಲ್ 7ಕ್ಕೆ ದೆಹಲಿ ಪೊಲೀಸರು ಕ್ರೋನಿಯೆ ಫೋನ್ ಮಾತುಕತೆ ಹೊರಗೆ ತಂದ್ರು. ಡಿಸೆಂಬರ್‌ನಲ್ಲಿ ಬಿಸಿಸಿಐ ಅಜರ್ ಮೇಲೆ ಆಜೀವ ನಿಷೇಧ ಹಾಕಿತು. 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧ ಕಾನೂನುಬದ್ಧವಲ್ಲ ಅಂತು.

ಗ್ಯಾಲರೀಲಿ ಬಿಸಿಲಿಗೆ ಕೂತು ಚಪ್ಪಾಳೆ ತಟ್ಟಿದ ಸಾವಿರಾರು ಜನಕ್ಕೆ ಆಗ ಇದ್ಯಾವುದೂ ಗೊತ್ತಿರಲಿಲ್ಲ. ನನಗೆ ಹೆಚ್ಚು ಬೇಜಾರಾಗೋದು ಅದಕ್ಕೇ.

ಭಾಗ 7/10
ಫೋಟೊ: ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನ.

ಇಲ್ಲಿ ಟೆಸ್ಟ್ ನಡೆಯಲ್ಲ. ಆದ್ರೆ ಬಿ. ಎಸ್. ಚಂದ್ರಶೇಖರ್, ಜಾವಗಲ್ ಶ್ರೀನಾಥ್ ಇಬ್ಬರೂ ಹುಟ್ಟಿದ್ದು ಮೈಸೂರಲ್ಲೇ. 2019ರ ಆಗಸ್ಟ್ 31ಕ್ಕೆ ಕರ್ನಾಟಕ ಪ್ರೀಮಿಯರ್ ಲೀಗ್ ಫೈನಲ್ ನಡೆದದ್ದು ಈ ಮೈದಾನದಲ್ಲಿ. ಆಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಆ ಲೀಗಿನ ಬೆಟ್ಟಿಂಗ್, ಫಿಕ್ಸಿಂಗ್ ಆರೋಪದ ಮೇಲೆ ಹಲವರನ್ನ ಬಂಧಿಸಿದ್ರು. 2022ರ ಜನವರಿಯಲ್ಲಿ ಹೈಕೋರ್ಟ್ ವಂಚನೆಯ ಕೇಸನ್ನ ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆ ಇರಬಹುದು, ಅದಕ್ಕೆ ಬಿಸಿಸಿಐ ಶಿಸ್ತು ಕ್ರಮ ತಗೊಳ್ಳಬಹುದು, ಆದ್ರೆ 420ನೇ ಸೆಕ್ಷನ್ನಿನ ವಂಚನೆ ಆಗಲ್ಲ ಅನ್ನೋದು ಕೋರ್ಟಿನ ಮಾತು.

ಕಾನೂನು ಹೀಗೇ ಹಿಂದೆ ಮುಂದೆ ಓಡಾಡಿದೆ. 2007ರ ಏಪ್ರಿಲ್‌ನಿಂದ ರಾಜ್ಯದಲ್ಲಿ ಲಾಟರಿ ನಿಂತಿತು. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿದ್ರು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ಹೊಡೆದುಹಾಕಿತು. ಕೌಶಲ್ಯದ ಆಟವನ್ನೂ ಜೂಜಿನ ಜೊತೆ ಸೇರಿಸಿಬಿಟ್ಟಿದ್ದೀರಿ ಅನ್ನೋದು ಮುಖ್ಯ ಆಕ್ಷೇಪ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸ್ ಮಾಡಿತು. ಕೌಶಲ್ಯನೋ ಅದೃಷ್ಟನೋ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಡೆಸೋದು, ಅದರ ಜಾಹೀರಾತು ಹಾಕೋದು ಎರಡೂ ಅಪರಾಧ ಅಂತು. ಭಾರತ ತಂಡದ ಜೆರ್ಸಿ ಮೇಲಿದ್ದ ಡ್ರೀಮ್11 ಹೆಸರು ಹೋಗಿದ್ದು ಅದಾದ ಮೇಲೇ.

ಸ್ಪೋರ್ಟಿಂಗ್ ಸ್ಟಾರ್ ಪದಬಂಧದಿಂದ ಇಲ್ಲಿಗೆ ಸುಮಾರು ಎಪ್ಪತ್ತು ವರ್ಷ. ಪ್ರಶ್ನೆ ಮಾತ್ರ ಅದೇ.

ಭಾಗ 8/10
ಫೋಟೊ: ಟೀವಿ ಪರದೆ. 46 ಆಲೌಟ್. ಅವತ್ತು ತೆಗೆದಿಟ್ಟದ್ದು.

ಈಗ 2024ಕ್ಕೆ ವಾಪಸ್. ಭಾರತ ತವರಲ್ಲಿ ಸತತ 18 ಟೆಸ್ಟ್ ಸರಣಿ ಗೆದ್ದಿತ್ತು. ನ್ಯೂಜಿಲೆಂಡ್ ಶ್ರೀಲಂಕಾದಲ್ಲಿ 2–0 ಸೋತು ಬಂದಿತ್ತು. ಕೇನ್ ವಿಲಿಯಮ್ಸನ್‌ಗೆ ಗಾಯ. 1988ರಿಂದ ಅವರು ಇಲ್ಲಿ ಒಂದು ಟೆಸ್ಟೂ ಗೆದ್ದಿರಲಿಲ್ಲ. ಭಾರತ ಗೆಲ್ಲುತ್ತೆ ಅಂತ ಹೇಳೋಕೆ 500 ರೂಪಾಯಿ ಚಾನೆಲ್ ಯಾಕೆ ಬೇಕು? ನಮ್ಮ ಪಕ್ಕದ ಮನೆ ಆರನೇ ಕ್ಲಾಸಿನ ಹುಡುಗನೂ ಹೇಳ್ತಿದ್ದ.

ಬುಧವಾರ ಪೂರ್ತಿ ಮಳೆ, ಟಾಸೇ ಆಗಲಿಲ್ಲ. ಗುರುವಾರ ಮೋಡ ಕವಿದಿತ್ತು. ರೋಹಿತ್ ಶರ್ಮಾ ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡ್ರು. 31.2 ಓವರ್‌ನಲ್ಲಿ 46ಕ್ಕೆ ಆಲೌಟ್. ತವರಲ್ಲಿ ಭಾರತದ ಅತಿ ಕಡಿಮೆ ಮೊತ್ತ. ಐದು ಸೊನ್ನೆ, ಅದರಲ್ಲಿ ಒಂದು ನಮ್ಮ ಕೆ. ಎಲ್. ರಾಹುಲ್‌ದು. ಮ್ಯಾಟ್ ಹೆನ್ರಿ 15ಕ್ಕೆ 5. ಪಿಚ್ ಓದೋದರಲ್ಲಿ ತಪ್ಪಿದೆ ಅಂತ ಅವತ್ತೇ ಸಂಜೆ ರೋಹಿತ್ ಒಪ್ಪಿಕೊಂಡ್ರು. ಪಿಚ್ ಮೇಲೆ ನಿಂತು ನೋಡಿದ ನಾಯಕನೇ ತಪ್ಪಿದ. ಎಲ್ಲೋ ಕೂತು ಮೆಸೇಜ್ ಕಳಿಸಿದವನಿಗೆ ಏನು ಗೊತ್ತಿತ್ತು?

ನ್ಯೂಜಿಲೆಂಡ್ 402. ಅದರಲ್ಲಿ ರಚಿನ್ ರವೀಂದ್ರ 134. ಹುಟ್ಟಿದ್ದು ವೆಲ್ಲಿಂಗ್ಟನ್‌ನಲ್ಲಿ, ಅಪ್ಪ ಅಮ್ಮ ಬೆಂಗಳೂರಿನವರು. ಭಾರತ ಎರಡನೇ ಸಲ 462 ಹೊಡೆಯಿತು: ಸರ್ಫರಾಜ್ 150, ಪಂತ್ 99. ಆಗ ನಮ್ಮ ಗೆಳೆಯನಿಗೆ ಮತ್ತೆ ಆಸೆ ಹುಟ್ಟಿತು. ಚಾನೆಲ್ ‘ರಿಕವರಿ ಬೆಟ್ ಹಾಕಿ’ ಅಂತು. ಇನ್ನೂ 6,000 ಹಾಕಿದ.

ಭಾನುವಾರ ನ್ಯೂಜಿಲೆಂಡ್ 8 ವಿಕೆಟ್‌ನಿಂದ ಗೆದ್ದಿತು. ಒಟ್ಟು 44,000 ಹೋಯ್ತು. ಆಮೇಲೆ ಸರಣಿಯನ್ನೇ 3–0 ಗೆದ್ದುಕೊಂಡು ಹೋದ್ರು.

ಇನ್ನೊಂದು ಮಾತು. ಭಾರತ ಗೆದ್ದಿದ್ರೂ ಅವನ ಆಪ್‌ನಲ್ಲಿ ನೂರಕ್ಕೆ 30 ಮಾತ್ರ ಲಾಭ ಇತ್ತು. ಅಂದ್ರೆ 11,400 ಗೆಲ್ಲೋಕೆ 38,000 ಒತ್ತೆ ಇಟ್ಟಿದ್ದ. ಗೆಲ್ಲೋ ಕುದುರೆ ಅಂತ ಎಲ್ಲರಿಗೂ ಗೊತ್ತಿರೋದರ ಮೇಲೆ ಸಿಗೋದು ಚಿಲ್ಲರೆ. ಹೋಗೋವಾಗ ಗಂಟೇ ಹೋಗುತ್ತೆ.

ಭಾಗ 9/10
ಫೋಟೊ: ಕಪ್ಪು ಹಲಗೆ ಮೇಲೆ 2700, 900, 300, 100.

‘ಮೂರಕ್ಕೆ ಮೂರೂ ಸರಿ ಹೇಳಿದ ಮಗಾ, ಸುಮ್ನೆ ಆಗುತ್ತಾ?’ ಆಗುತ್ತೆ. ಇದು ಹಳೇ ತಂತ್ರ, ಹೇಗೆ ಅಂತ ನೋಡಿ.

ನನ್ನ ಹತ್ತಿರ 2,700 ನಂಬರ್ ಇದೆ ಅಂದ್ಕೊಳ್ಳಿ. ಮೊದಲ ಟೆಸ್ಟಿಗೆ 900 ಜನಕ್ಕೆ ‘ಭಾರತ’, 900 ಜನಕ್ಕೆ ‘ಎದುರಾಳಿ’, 900 ಜನಕ್ಕೆ ‘ಡ್ರಾ’ ಅಂತ ಕಳಿಸ್ತೀನಿ. ಏನೇ ಆದ್ರೂ 900 ಜನಕ್ಕೆ ನಾನು ಸರಿ. ಉಳಿದವರನ್ನ ಮರೆತುಬಿಡ್ತೀನಿ. ಎರಡನೇ ಟೆಸ್ಟಿಗೆ ಆ 900ನ್ನ ಮೂರು ಭಾಗ ಮಾಡ್ತೀನಿ, 300 ಜನಕ್ಕೆ ಮತ್ತೆ ಸರಿ. ಮೂರನೇದಕ್ಕೆ 100 ಜನ.

ಆ ನೂರು ಜನಕ್ಕೆ ನಾನು ದೇವರು. ಮೂರು ಟೆಸ್ಟ್, ಮೂರೂ ಸರಿ! ನಾಲ್ಕನೇದಕ್ಕೆ ತಲೆಗೆ 5,000 ಕೇಳ್ತೀನಿ. ಎಲ್ಲರೂ ಕೊಟ್ರೆ ಐದು ಲಕ್ಷ. ನನಗೆ ಕ್ರಿಕೆಟ್ಟೇ ಗೊತ್ತಿರಬೇಕಾಗಿಲ್ಲ. ತಪ್ಪು ಮೆಸೇಜ್ ಬಂದ 2,600 ಜನ ಈ ನೂರು ಜನಕ್ಕೆ ಕಾಣಲ್ಲ, ಗುಟ್ಟು ಇರೋದು ಅಲ್ಲೇ.

ಎಷ್ಟೋ ಸಲ ಇಷ್ಟು ಕಷ್ಟನೂ ಬೇಡ. ತವರಲ್ಲಿ ಆಡೋ ಬಲವಾದ ತಂಡದ ಹೆಸರು ಹೇಳ್ತಾ ಹೋದ್ರೆ ಸಾಕು, ಹೆಚ್ಚು ಸಲ ಸರಿ ಬರುತ್ತೆ. ತಪ್ಪಿದ ದಿನ ಹಳೇ ಮೆಸೇಜ್ ಡಿಲೀಟ್.

ಪೂಲಿ ಲೆಕ್ಕದಿಂದ ಗೆದ್ದ. ಬುಕ್ಕಿ ಕಮಿಷನ್‌ನಿಂದ ಗೆಲ್ತಾನೆ. ಸೆಂಚುರಿಯನ್ ಬುಕ್ಕಿ ನಾಯಕನನ್ನೇ ಹಿಡಿದ. ಚಾನೆಲ್‌ನವನು ನಮ್ಮನ್ನ ಮೂರು ಭಾಗ ಮಾಡಿ ಗೆಲ್ತಾನೆ. ಇಷ್ಟು ಓದಿದ ಮೇಲೂ ಟೆಸ್ಟ್ ಪಂದ್ಯದ ಭವಿಷ್ಯ ನಿಜವಾಗಿ ಗೊತ್ತಿದ್ದು ಗೆದ್ದ ಒಬ್ಬನೂ ನನಗೆ ಸಿಗಲಿಲ್ಲ.

ಭಾಗ 10/10
ಫೋಟೊ: ಸೊಪ್ಪು ಗ್ರೇಡ್ ಮಾಡ್ತಿರೋ ಕೈಗಳು. ಮುಖ ಬೇಡ ಅಂದ್ರು.

ಗೆಳೆಯ ಹನ್ನೆರಡು ದಿನ ಯಾರಿಗೂ ಹೇಳಲಿಲ್ಲ. ಊಟ ಬಿಟ್ಟ, ಕಾಲೇಜು ಬಿಟ್ಟ. ದೀಪಾವಳಿ ಹತ್ತಿರ ಬಂತು, ಕೂಲಿ ಹೆಂಗಸರು ಹಬ್ಬಕ್ಕೆ ದುಡ್ಡು ಕೇಳೋಕೆ ಬಂದ್ರು. ಆಗ ಅಪ್ಪನ ಮುಂದೆ ಅತ್ತು ಹೇಳಿದ.

ಅಪ್ಪ ಹೊಡೆಯುತ್ತಾರೆ ಅಂದ್ಕೊಂಡಿದ್ದ. ಅವರು ಸುಮಾರು ಹೊತ್ತು ಜಗಲಿ ಮೇಲೆ ಸುಮ್ಮನೆ ಕೂತಿದ್ರಂತೆ. ಆಮೇಲೆ ‘ಆ ಹೆಂಗಸ್ರಿಗೆ ಕೂಲಿ ಕೊಡ್ಬೇಕಲ್ಲಪ್ಪ’ ಅಂತಷ್ಟೇ ಅಂದ್ರಂತೆ. ಎರಡು ದಿನಕ್ಕೆ ಕೊಟ್ಟಿಗೇಲಿದ್ದ ಕುರಿಗಳು ಹೋದ್ವು.

ಹೊಗೆಸೊಪ್ಪು ಬೆಳೆಯೋದೂ ಒಂದು ತರ ಬಾಜಿನೇ. ಮಳೆ ನೋಡಿ ನಾಟಿ ಮಾಡಬೇಕು, ಹರಾಜಲ್ಲಿ ರೇಟ್ ಎಷ್ಟು ಬರುತ್ತೋ ಗೊತ್ತಿಲ್ಲ. ಆದ್ರೆ ಅಲ್ಲಿ ಸೋತರೂ ಗೆದ್ದರೂ ನಡುವೆ ನಮ್ಮ ಕೆಲಸ ಇರುತ್ತೆ, ಬೇಲು ಎಲ್ಲರ ಕಣ್ಣೆದುರಿಗೆ ಇರುತ್ತೆ. ಮೊಬೈಲಲ್ಲಿ ಬಂದ ‘ನೂರಕ್ಕೆ ನೂರು’ ಹಿಂದೆ ಯಾರಿದ್ದಾರೆ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅವನು ಈಗ ಕಾಲೇಜಿಗೆ ಬರ್ತಿದ್ದಾನೆ. ರಜೆಯಲ್ಲಿ ಕೆಲಸ ಮಾಡಿ ಒಂದು ಕುರಿ ವಾಪಸ್ ತಂದಿದ್ದಾನೆ. ಟೆಸ್ಟ್ ನೋಡೋದು ಬಿಟ್ಟಿಲ್ಲ. ‘ಈಗ ಬಾಲ್ ನೋಡ್ತೀನಿ ಕಣೋ, ಆಗ ಬರೀ ರೇಟ್ ನೋಡ್ತಿದ್ದೆ’ ಅಂದ. ಈ ಸೀರೀಸ್ ಬರೀಬೇಕು ಅಂತ ನನಗನ್ನಿಸಿದ್ದು ಆ ಮಾತಿಗೆ.

ನಿಮ್ಮಲ್ಲಿ ಯಾರಾದ್ರೂ ಇದರಲ್ಲಿ ಸಿಕ್ಕಿಹಾಕಿಕೊಂಡಿದ್ರೆ ಹನ್ನೆರಡು ದಿನ ಕಾಯಬೇಡಿ. ಮನೇಲಿ ಒಬ್ಬರಿಗೆ ಹೇಳಿ. ಮನಸ್ಸಿಗೆ ಕಷ್ಟ ಆದ್ರೆ ಸರ್ಕಾರದ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಆನ್‌ಲೈನ್ ಮೋಸ ಆಗಿದ್ರೆ 1930ಕ್ಕೆ ತಕ್ಷಣ ಫೋನ್ ಮಾಡಿ.

ನಿಮ್ಮ ಮನೇಲಿ ತಾತ, ಅಜ್ಜಿ, ಅಪ್ಪ ಹೇಳಿದ ಟೆಸ್ಟ್ ಮ್ಯಾಚ್ ಕಥೆ ಇದ್ರೆ ಕಾಮೆಂಟಲ್ಲಿ ಬರೀರಿ. ನಾಲ್ಕು ಟೀ ಸೋತ ಕಥೆ ಆದ್ರೂ ಪರವಾಗಿಲ್ಲ.

#ನಮ್ಮಹುಣಸೂರು #ಇತಿಹಾಸದಪುಟ #ಟೆಸ್ಟ್‌ಕ್ರಿಕೆಟ್ #ಚಿನ್ನಸ್ವಾಮಿ #ಕನ್ನಡದಲ್ಲಿಇತಿಹಾಸ